ಕ್ಯಾಮರಾ ಕೊಳ್ಳುವ ಮುನ್ನ

ದನದ ಜಾತ್ರೆಗೆ ಹೋದ ರೈತನು ಎತ್ತಿನ ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ಹಣದ ಗಂಟನ್ನು ಬಿಚ್ಚುವುದಿಲ್ಲ. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಯಿಸಿ ಗೊರಸನ್ನು ಪರೀಕ್ಷಿಸುತ್ತಾನೆ. ಇವೆಲ್ಲಕ್ಕಿಂತ ಮೊದಲು ತನ್ನ ಹೊಲವು ಎರೆಯೋ ಮಸಾರಿಯೋ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಆತನು ಮನೆಯಿಂದ ಹೊರಟಿರುತ್ತಾನೆ. ಇಷ್ಟು ವಿವೇಕವುಳ್ಳ ನಮ್ಮ ಜನರೇ ಕ್ಯಾಮರಾ ಅಂಗಡಿಯ ಮೆಟ್ಟಿಲು ಹತ್ತಿದಾಗ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳಿಗೆ ಮರುಳಾಗುವುದನ್ನು ನಾವು ಕಂಡಿದ್ದೇವೆ. ಕಂಡಿದ್ದೇವೆ ಎನ್ನುವುದಕ್ಕಿಂತ, ನಾವೇ ಮರುಳಾಗಿದ್ದೆವು ಎಂದು ಒಪ್ಪಿಕೊಳ್ಳುವುದು ಲೇಸು.

2014ರಲ್ಲಿ ನಮ್ಮ ಮನೆಗೆ ಒಂದು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾ ಬೇಕೆಂದು ನಿಶ್ಚಯವಾಯಿತು. ಎರಡು ವರ್ಷ ಕೂಡಿಟ್ಟ ಹಣವಿತ್ತು. ನಾವು ಕಾಗದದ ಮೇಲೆ ಗೆರೆಗಳನ್ನೆಳೆದು ಎರಡು ಮಾದರಿಗಳ ಗುಣಗಳನ್ನು ಎದುರುಬದುರಾಗಿ ಬರೆದೆವು. ಒಂದರಲ್ಲಿ 1 ಕೋಟಿ 80 ಲಕ್ಷ ಚುಕ್ಕೆಗಳು, ಇನ್ನೊಂದರಲ್ಲಿ 2 ಕೋಟಿ 40 ಲಕ್ಷ. ಹೆಚ್ಚಿನದೇ ಮೇಲೆಂದು ಬಗೆದು, ಇದ್ದ ಹಣವನ್ನೆಲ್ಲ ಎರಡನೆಯದಕ್ಕೇ ಸುರಿದು, ಅದರ ಜೊತೆಯಲ್ಲಿ ಬಂದ ಸಾಧಾರಣ ಮಸೂರವೊಂದರಿಂದಲೇ ತೃಪ್ತರಾಗಿ ಮನೆಗೆ ಬಂದೆವು. ಆ ಕಾರ್ತಿಕದ ಉತ್ಥಾನ ದ್ವಾದಶಿಯ ಸಂಜೆ ನಮ್ಮ ಅಜ್ಜಿಯವರು ತುಳಸಿಯ ಕಟ್ಟೆಯ ಸುತ್ತ ದೀಪಗಳನ್ನು ಹಚ್ಚುತ್ತಿದ್ದರು. ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗಳ ಮಗಳು ಬತ್ತಿಗಳ ತಟ್ಟೆಯನ್ನು ಹಿಡಿದು ನಿಂತಿದ್ದಳು. ನಾವು ಮೂವತ್ತು ಚಿತ್ರಗಳನ್ನು ತೆಗೆದೆವು. ಫ್ಲಾಷ್ ದೀಪವನ್ನು ಹಾಕದೆ ತೆಗೆದ ಚಿತ್ರಗಳಲ್ಲಿ ಇಬ್ಬರ ಮುಖಗಳೂ ಕದಡಿದ ನೀರಿನಲ್ಲಿ ಕಂಡಂತೆ ಮಸಕಾಗಿದ್ದುವು. ಹಾಕಿ ತೆಗೆದವುಗಳಲ್ಲಿ ಮುಖಗಳು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿ, ಹಣತೆಗಳ ಬೆಳಕು ಇದ್ದೂ ಇಲ್ಲದಂತಾಗಿತ್ತು. ಬರುವ ವರ್ಷ ನೋಡಿಕೊಳ್ಳೋಣವೆಂದೆವು. ಮರು ಕಾರ್ತಿಕದಲ್ಲಿ ಅಜ್ಜಿಯವರಿರಲಿಲ್ಲ.

ಕ್ಯಾಮರಾದಲ್ಲಿ ದೋಷವೇನೂ ಇರಲಿಲ್ಲ. ನಾವು ಹೋಲಿಸಿದ ಬಗೆಯಲ್ಲಿ ದೋಷವಿತ್ತು. ಒಂದು ಕ್ಯಾಮರಾವನ್ನು ಇನ್ನೊಂದು ಕ್ಯಾಮರಾದೊಡನೆ ಹೋಲಿಸಿದೆವೇ ಹೊರತು, ಎರಡನ್ನೂ ನಮ್ಮ ಮನೆಯ ಕೆಲಸದೊಡನೆ ಹೋಲಿಸಲಿಲ್ಲ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೂ ಇಷ್ಟೇ. ವಾಚಕರು ನಮ್ಮಂತೆ ಬೆಲೆ ತೆತ್ತು ಕಲಿಯಬೇಕಾದುದಿಲ್ಲವೆಂದು ಮಿಕ್ಕ ವಿವರಗಳನ್ನು ಬರೆಯುತ್ತೇವೆ.

ಮೊದಲು ಈ ಯಂತ್ರದ ಸ್ವರೂಪವನ್ನು ತಿಳಿಯಬೇಕು. ಎಸ್‌ಎಲ್‌ಆರ್ ಎಂದರೆ ಒಂದೇ ಮಸೂರದಿಂದ ನೋಡುವ ಮತ್ತು ಚಿತ್ರಿಸುವ ಎರಡು ಕೆಲಸಗಳನ್ನೂ ನಡೆಯಿಸುವ ಕ್ಯಾಮರಾ. ಮಸೂರದ ಹಿಂದೆ ಓರೆಯಾಗಿ ನಿಲ್ಲಿಸಿದ ಕನ್ನಡಿಯೊಂದುಂಟು. ಒಳಗೆ ಬಂದ ಬೆಳಕು ಅದಕ್ಕೆ ತಾಗಿ ಮೇಲಕ್ಕೇರಿ, ಗಾಜಿನ ಪಟ್ಟಕವನ್ನು ಹಾದು, ನೋಟದ ಕಿಂಡಿಯಲ್ಲಿ ನಮ್ಮ ಕಣ್ಣನ್ನು ಮುಟ್ಟುತ್ತದೆ. ಗುಂಡಿಯನ್ನೊತ್ತಿದ ಕೂಡಲೆ ಕನ್ನಡಿಯು ಮೇಲಕ್ಕೆ ಮಡಚಿಕೊಂಡು, ಷಟರೆಂಬ ತೆರೆಯು ಸರಿದು, ಹಿಂದಿರುವ ಸೆನ್ಸರೆಂಬ ಫಲಕದ ಮೇಲೆ ಬೆಳಕು ಬೀಳುತ್ತದೆ. ಆ ಟಪ್ಪೆಂಬ ಸದ್ದು ಈ ಕನ್ನಡಿಯದೂ ತೆರೆಯದೂ ಆಗಿದೆ. ಮಸೂರವನ್ನು ಕಳಚಿ ಬೇರೊಂದನ್ನು ತೊಡಿಸಬಹುದು; ಕಣ್ಣು ಕಂಡುದನ್ನೇ ಫಲಕವೂ ಕಾಣುತ್ತದೆ. ಈ ಬಗೆಯ ಕ್ಯಾಮರಾದ ಹಿರಿಮೆ ಈ ಎರಡರಲ್ಲಿದೆ.

ಇನ್ನು ಚುಕ್ಕೆಗಳ ಸಂಖ್ಯೆಯ ವಿಚಾರ. ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಎಂಬ ಹೆಸರಿನಿಂದ ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುವುದು ಇದೇ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ. ಹಿಂದೆ ಈ ಲೆಕ್ಕಕ್ಕೆ ಅರ್ಥವಿತ್ತು. 1975ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯ ಇಂಜಿನಿಯರಾದ ಸ್ಟೀವನ್ ಸ್ಯಾಸನ್ ಅವರು ನಿರ್ಮಿಸಿದ ಡಿಜಿಟಲ್ ಕ್ಯಾಮರಾದಲ್ಲಿ ಇದ್ದುದು 10,000 ಚುಕ್ಕೆಗಳು ಮಾತ್ರ. ಒಂದು ಚಿತ್ರವು ಕ್ಯಾಸೆಟ್ ಸುರುಳಿಯ ಮೇಲೆ ದಾಖಲಾಗಲು 23 ಸೆಕೆಂಡುಗಳು ಹಿಡಿಯುತ್ತಿದ್ದುವು. 2003ರಲ್ಲಿ ಸಾಮಾನ್ಯ ಗೃಹಸ್ಥರನ್ನು ಉದ್ದೇಶಿಸಿ ಬಂದ ಕ್ಯಾನನ್ 300ಡಿ ಮಾದರಿಯಲ್ಲಿ 63 ಲಕ್ಷವಿದ್ದುವು. ಆಗ ಒಂದೊಂದು ಲಕ್ಷಕ್ಕೂ ಬೆಲೆಯಿತ್ತು. ಈಗಿನ ಮಾತು ಬೇರೆ. 6 ಅಂಗುಲಕ್ಕೆ 4 ಅಂಗುಲದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಅಚ್ಚುಮಾಡಿಸಲು 22 ಲಕ್ಷ ಚುಕ್ಕೆಗಳು ಸಾಕು. ಗೋಡೆಗೆ ತೂಗುಹಾಕುವ 12ಕ್ಕೆ 8ರ ಚಿತ್ರಕ್ಕೂ 87 ಲಕ್ಷಕ್ಕಿಂತ ಹೆಚ್ಚು ಬೇಡ. ಸಾಧಾರಣ ದರ್ಜೆಯ ಕ್ಯಾಮರಾದಲ್ಲಿಯೂ ಇಂದು 2 ಕೋಟಿ 40 ಲಕ್ಷವಿರುವಾಗ, ಅದರ ಮೇಲಿನ ಲಕ್ಷಗಳಿಗಾಗಿ ಹೊಡೆದಾಡುವುದು ಹತ್ತು ಜನರ ಊಟಕ್ಕೆ ನೂರು ಎಲೆ ಹಾಸಿದಂತೆ. ಇನ್ನೊಂದು ಗುಟ್ಟನ್ನೂ ನೆನಪಿಡಬೇಕು. ಚುಕ್ಕೆಗಳು 2 ಕೋಟಿ 41 ಲಕ್ಷದಿಂದ 3 ಕೋಟಿ 25 ಲಕ್ಷಕ್ಕೆ ಏರಿದರೂ, ಚಿತ್ರದ ಉದ್ದಗಲಗಳು ಬೆಳೆಯುವುದು ನೂರಕ್ಕೆ ಹದಿನಾರರಷ್ಟು ಮಾತ್ರ.

ಚುಕ್ಕೆಗಳ ಸಂಖ್ಯೆಗಿಂತ ಅವು ಕುಳಿತಿರುವ ಫಲಕದ ವಿಸ್ತಾರವು ಮುಖ್ಯವಾದುದು. ಮಳೆಯ ನೀರನ್ನು ಹಿಡಿಯಲು ಅಗಲವಾದ ಹಂಡೆಯನ್ನಿಡುವಂತೆ, ಬೆಳಕನ್ನು ಹಿಡಿಯಲು ಅಗಲವಾದ ಫಲಕ ಬೇಕು. ಹಳೆಯ ಫಿಲ್ಮಿನಷ್ಟೇ ದೊಡ್ಡದಾದ, ಪೂರ್ಣ ಚೌಕಟ್ಟೆಂದು ಕರೆಯಲ್ಪಡುವ ಫಲಕವು 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲವಿರುತ್ತದೆ. ಗೃಹಸ್ಥರು ಸಾಮಾನ್ಯವಾಗಿ ಕೊಳ್ಳುವ ನಿಕಾನ್ ಮಾದರಿಗಳಲ್ಲಿ ಇದು ಸುಮಾರು 23.5ಕ್ಕೆ 15.6, ಕ್ಯಾನನ್ ಮಾದರಿಗಳಲ್ಲಿ ಸುಮಾರು 22.3ಕ್ಕೆ 14.9. ಪೂರ್ಣ ಚೌಕಟ್ಟು ಇವುಗಳ ಎರಡರಷ್ಟಕ್ಕಿಂತಲೂ ಹೆಚ್ಚು ವಿಸ್ತಾರವಾದುದರಿಂದ ಮಬ್ಬು ಬೆಳಕಿನಲ್ಲಿ ಅದರ ಚಿತ್ರವು ಹೆಚ್ಚು ಶುದ್ಧವಾಗಿರುತ್ತದೆ, ನಿಜ. ಆದರೆ ಕ್ಯಾಮರಾದ ಬೆಲೆಯೂ ತೂಕವೂ ಅದರೊಡನೆಯೇ ಏರುತ್ತವೆ. ಅದಕ್ಕೆ ಒಪ್ಪುವ ಮಸೂರಗಳ ಬೆಲೆಯೂ ಹಾಗೆಯೇ. ಛಾಯಾಗ್ರಹಣವನ್ನು ಹೊಟ್ಟೆಪಾಡಾಗಿ ಮಾಡಿಕೊಳ್ಳದವರಿಗೆ ಚಿಕ್ಕ ಚೌಕಟ್ಟು ಧಾರಾಳವಾಗಿ ಸಾಕೆಂಬುದು ನಮ್ಮ ಅಭಿಪ್ರಾಯ.

ಈಗ ಮಸೂರದ ಮಾತಿಗೆ ಬರೋಣ. ತುಳಸಿಯ ಕಟ್ಟೆಯ ಮುಂದೆ ನಾವು ಸೋತದ್ದು ಇಲ್ಲಿಯೇ. ಮಸೂರದ ದ್ವಾರವು ಎಷ್ಟು ಅಗಲವಾಗಿ ತೆರೆಯಬಲ್ಲುದೆಂಬುದನ್ನು ಎಫ್ ಎಂಬ ಅಕ್ಷರದ ಮುಂದಿನ ಅಂಕಿಯು ತಿಳಿಸುತ್ತದೆ. ಅಂಕಿ ಚಿಕ್ಕದಾದಷ್ಟೂ ದ್ವಾರ ದೊಡ್ಡದು. ಕ್ಯಾಮರಾದೊಡನೆ ಕೊಡುವ 18-55 ಮಿಲಿಮೀಟರಿನ ಸಾಧಾರಣ ಮಸೂರವು ತನ್ನ ನೀಳ ತುದಿಯಲ್ಲಿ 5.6ಕ್ಕಿಂತ ಹೆಚ್ಚು ತೆರೆಯಲಾರದು. 50 ಮಿಲಿಮೀಟರಿನ, 1.8ರ ಪುಟ್ಟ ಮಸೂರವು ಅದೇ ಹೊತ್ತಿನಲ್ಲಿ ಅದರ ಒಂಬತ್ತರಷ್ಟಕ್ಕಿಂತಲೂ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುತ್ತದೆ. ಇದರ ಫಲವೇನು? ಮೊದಲನೆಯದಕ್ಕೆ ಸೆಕೆಂಡಿನ ಆರರಲ್ಲಿ ಒಂದು ಭಾಗದಷ್ಟು ಹೊತ್ತು ತೆರೆ ತೆರೆದಿರಬೇಕಾದ ಕಡೆಯಲ್ಲಿ, ಎರಡನೆಯದಕ್ಕೆ ಹೆಚ್ಚು ಕಡಮೆ ಅರುವತ್ತರಲ್ಲಿ ಒಂದು ಭಾಗ ಸಾಕಾಗುತ್ತದೆ. ಸೆಕೆಂಡಿನ ಆರನೆಯ ಒಂದು ಭಾಗದಲ್ಲಿ ಮುದುಕಿಯ ಕೈ ಅದುರುತ್ತದೆ, ಮಗುವಿನ ತಲೆ ತಿರುಗುತ್ತದೆ, ಚಿತ್ರ ತೆಗೆಯುವವನ ಕೈಯೂ ನಿಲ್ಲುವುದಿಲ್ಲ. ಅರುವತ್ತನೆಯ ಒಂದು ಭಾಗದಲ್ಲಿ ಬಹುಮಟ್ಟಿಗೆ ಎಲ್ಲವೂ ನಿಂತಂತೆಯೇ. ನಾವು 1 ಕೋಟಿ 80 ಲಕ್ಷದ ಮಾದರಿಯನ್ನು ಕೊಂಡಿದ್ದರೆ, ಉಳಿದ ಹಣದಲ್ಲಿ ಅಂತಹ ಮಸೂರವೊಂದು ಬರುತ್ತಿತ್ತು. ಇದನ್ನು ಆಮೇಲೆ ಲೆಕ್ಕ ಹಾಕಿ ನೋಡಿದೆವು.

ಹೆಣ್ಣು ಕೊಡುವಾಗ ವರನೊಬ್ಬನನ್ನೇ ಅಲ್ಲ, ಮನೆತನವನ್ನೂ ನೋಡಬೇಕೆಂದು ಹಿರಿಯರು ಹೇಳುವುದುಂಟು. ಕ್ಯಾಮರಾದ ವಿಷಯದಲ್ಲಿಯೂ ಹಾಗೆಯೇ. ಒಂದು ಮನೆಯ ಮಸೂರವು ಇನ್ನೊಂದು ಮನೆಯ ಕ್ಯಾಮರಾಕ್ಕೆ ನೇರವಾಗಿ ಕೂಡುವುದಿಲ್ಲ. ನಿಕಾನ್ ಸಂಸ್ಥೆಯ ಎಫ್ ಎಂಬ ಹಿಡಿಕೆಯ ಬಳೆಯು 1959ರಿಂದಲೂ, ಕ್ಯಾನನ್ ಸಂಸ್ಥೆಯ ಇಎಫ್ ಎಂಬುದು 1987ರಿಂದಲೂ ನಡೆದುಬಂದಿವೆ. ಕ್ಯಾಮರಾದ ಪೆಟ್ಟಿಗೆಯು ಆರೇಳು ವರ್ಷಗಳಲ್ಲಿ ಹಳತಾಗುತ್ತದೆ. ಜೋಪಾನವಾಗಿಟ್ಟ ಮಸೂರವಾದರೋ ಇಪ್ಪತ್ತು ವರ್ಷ ಕಳೆದರೂ ಅಂದಿನಂತೆಯೇ ಬೆಳಗುತ್ತದೆ. ಬಂಧುಗಳಲ್ಲಿಯೋ ನೆರೆಹೊರೆಯಲ್ಲಿಯೋ ಯಾರ ಬಳಿಯಲ್ಲಾದರೂ ಒಳ್ಳೆಯ ಮಸೂರಗಳಿದ್ದು, ಅವರು ಎರವಲು ಕೊಡುವ ಮನಸ್ಸುಳ್ಳವರಾದರೆ, ಅದೇ ಮನೆತನದ ಕ್ಯಾಮರಾವನ್ನು ಕೊಳ್ಳುವುದು ಜಾಣತನ.

ಮನೆತನದೊಳಗೂ ಕೆಲವು ಸೂಕ್ಷ್ಮಗಳುಂಟು. ನಿಕಾನಿನ ಡಿ3500, ಡಿ5600 ಮೊದಲಾದ ಕಿರಿಯ ಮಾದರಿಗಳ ಒಡಲಿನಲ್ಲಿ ಫೋಕಸ್ ಹೊಂದಿಸುವ ಮೋಟಾರು ಇಲ್ಲ. ಆದುದರಿಂದ ಮೋಟಾರಿಲ್ಲದ ಹಳೆಯ ಮಸೂರಗಳನ್ನು ತೊಡಿಸಿದರೆ ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಡಿ7500ರಲ್ಲಿ ಆ ಮೋಟಾರು ಉಂಟು. ಕ್ಯಾನನಿನ ಇಎಫ್ ಮಸೂರಗಳಲ್ಲಿ ಮೋಟಾರು ಮಸೂರದೊಳಗೇ ಇರುವುದರಿಂದ ಈ ತೊಡಕಿಲ್ಲ. ಆದರೆ ಅದರ ಇಎಫ್-ಎಸ್ ಎಂಬ ಮಸೂರಗಳು ಚಿಕ್ಕ ಚೌಕಟ್ಟಿಗೆಂದೇ ಮಾಡಿದವುಗಳಾಗಿದ್ದು, ಪೂರ್ಣ ಚೌಕಟ್ಟಿನ ಕ್ಯಾನನ್ ಎಸ್‌ಎಲ್‌ಆರ್‌ಗಳಿಗೆ ಕೂಡುವುದಿಲ್ಲ. ಎರವಲನ್ನು ನಂಬಿ ಹೊರಡುವವರು ಇದನ್ನು ಮೊದಲೇ ವಿಚಾರಿಸತಕ್ಕದ್ದು.

ಉದಾಹರಣೆಗೆ ನಾಲ್ಕು ಮಾದರಿಗಳನ್ನು ಸಾಲಾಗಿಟ್ಟು ನೋಡೋಣ. 2018ರಲ್ಲಿ ಬಂದ ಕ್ಯಾನನ್ 1500ಡಿ ಮತ್ತು ನಿಕಾನ್ ಡಿ3500 ಎಂಬವು ಕಿರಿಯವು. 2017ರ ನಿಕಾನ್ ಡಿ7500 ಮತ್ತು 2019ರ ಕ್ಯಾನನ್ 90ಡಿ ಎಂಬವು ಹಿರಿಯವು. ಬ್ಯಾಟರಿ ಮತ್ತು ಕಾರ್ಡುಗಳನ್ನು ಸೇರಿಸಿದರೆ 1500ಡಿ 475 ಗ್ರಾಂ, ಡಿ3500 415 ಗ್ರಾಂ ತೂಗುತ್ತವೆ. ಡಿ7500 720 ಗ್ರಾಂ, 90ಡಿ 701 ಗ್ರಾಂ. ಸೆಕೆಂಡಿಗೆ ತೆಗೆಯಬಲ್ಲ ಚಿತ್ರಗಳು ಇದೇ ಕ್ರಮದಲ್ಲಿ 3, 5, 8, 10. ಫೋಕಸ್ ಹಿಡಿಯುವ ಬಿಂದುಗಳು 9, 11, 51, 45. ಕಿರಿಯ ಎರಡರ ನೋಟದ ಕಿಂಡಿಯಲ್ಲಿ ಚಿತ್ರದ ನೂರಕ್ಕೆ 95 ಪಾಲು ಕಾಣುತ್ತದೆ. ಹಿರಿಯವುಗಳಲ್ಲಿ ಪೂರ್ತಿಯಾಗಿ ಕಾಣುತ್ತದೆ. ಒಮ್ಮೆ ವಿದ್ಯುತ್ತನ್ನು ತುಂಬಿಸಿದರೆ ತಯಾರಕರ ಅಳತೆಯಂತೆ 1500ಡಿ ಸುಮಾರು 500 ಚಿತ್ರಗಳನ್ನೂ ಡಿ3500 ಸುಮಾರು 1,550 ಚಿತ್ರಗಳನ್ನೂ ತೆಗೆಯುತ್ತದೆ. ಇವುಗಳಲ್ಲಿ ಯಾವುದು ಉತ್ತಮ? ಕೆಲಸ ಯಾವುದೆಂದು ಹೇಳದೆ ಈ ಪ್ರಶ್ನೆಯನ್ನು ಕೇಳಿದರೆ ಉತ್ತರವಿಲ್ಲ.

ಮನೆಯೊಳಗಿನ ಮಗುವನ್ನೂ ಹಿರಿಯರನ್ನೂ ಚಿತ್ರಿಸುವವರಿಗೆ ಹಗುರವಾದ ಕಿರಿಯ ಕ್ಯಾಮರಾವೂ ಅಗಲ ದ್ವಾರದ ಮಸೂರವೂ ತಕ್ಕುವು. ಚಿಕ್ಕ ಚೌಕಟ್ಟಿನಲ್ಲಿ 50 ಮಿಲಿಮೀಟರಿನ ಮಸೂರವು ದೃಶ್ಯವನ್ನು ತುಸು ಹತ್ತಿರಕ್ಕೆಳೆಯುವುದರಿಂದ, ನಮ್ಮ ನಡುಮನೆಗಳಂತಹ ಇಕ್ಕಟ್ಟಿನಲ್ಲಿ ಹಿಂದೆ ಸರಿಯಲು ಗೋಡೆ ಅಡ್ಡವಾಗುತ್ತದೆ. 35 ಮಿಲಿಮೀಟರಿನದು ಅಲ್ಲಿಗೆ ಹೆಚ್ಚು ಅನುಕೂಲ. ಬೇಲೂರು ಹಳೇಬೀಡುಗಳ ಶಿಲ್ಪಗಳಲ್ಲಿ ಮನಸ್ಸುಳ್ಳವರಿಗೆ ಸೆಕೆಂಡಿಗೆ ಹತ್ತು ಚಿತ್ರಗಳ ವೇಗದಿಂದ ಆಗಬೇಕಾದುದೇನು? ಮದನಿಕೆಯು ಎಂಟುನೂರು ವರ್ಷಗಳಿಗೂ ಮೀರಿ ನಿಂತಲ್ಲಿಯೇ ನಿಂತಿದ್ದಾಳೆ. ಅವರಿಗೆ ಬೇಕಾದುದು ಅಗಲ ನೋಟದ ಮಸೂರ ಮತ್ತು ನಡುಗದ ಕೈ. ಅಂತಹ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ನಿಲ್ಲಿಸಲು ಅನುಮತಿ ಪಡೆಯಬೇಕಾಗುತ್ತದೆ. ಹಕ್ಕಿಗಳ ಬೆನ್ನು ಹತ್ತಿದವರ ದಾರಿಯೇ ಬೇರೆ. ಅವರಿಗೆ ಹಿರಿಯ ಕ್ಯಾಮರಾದ ವೇಗವೂ 300 ಮಿಲಿಮೀಟರಿಗೆ ಕಡಮೆಯಿಲ್ಲದ ನೀಳ ಮಸೂರವೂ ಬೇಕು. ಇವೆರಡಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಮೂಡಿಗೆರೆಯ ತೋಟದಲ್ಲಿ ನೆಲಸಿ ಹಕ್ಕಿಗಳ ಚಿತ್ರಗಳನ್ನು ತೆಗೆದ ಪೂರ್ಣಚಂದ್ರ ತೇಜಸ್ವಿಯವರನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಗದದ ಮೇಲೆ ಕಾಣದ ಗುಣವೊಂದುಂಟು. ಅದು ಕೈಯ ಹಿಡಿತ. ಅಂಗಡಿಯಲ್ಲಿ ಕ್ಯಾಮರಾವನ್ನು ಹತ್ತು ನಿಮಿಷವಾದರೂ ಹಿಡಿದು ನಿಲ್ಲಬೇಕು. ಬೆರಳುಗಳು ತಾವಾಗಿಯೇ ಗುಂಡಿಯ ಮೇಲೆ ಬೀಳುತ್ತವೆಯೇ? ಕನ್ನಡಕ ಹಾಕಿದ ಕಣ್ಣಿಗೆ ಕಿಂಡಿಯ ನಾಲ್ಕು ಮೂಲೆಗಳೂ ಕಾಣುತ್ತವೆಯೇ? ಅದನ್ನು ಮನೆಯಲ್ಲಿ ನಿಜವಾಗಿ ಬಳಸತಕ್ಕವರು ಯಾರು? ಗೃಹಿಣಿಯು ಬಳಸುವುದಾದರೆ ಆಕೆಯ ಕೈಗೆ ಕೊಟ್ಟು ನೋಡದೆ ಕೊಳ್ಳಬಾರದು. ಭಾರವೆಂದು ಬೀರುವಿನಲ್ಲಿ ಉಳಿಯುವ ಉತ್ತಮ ಕ್ಯಾಮರಾಕ್ಕಿಂತ ಹೆಗಲಿಗೇರುವ ಮಧ್ಯಮ ಕ್ಯಾಮರಾ ಮೇಲು.

ಇನ್ನು ಕಾಲಸ್ಥಿತಿಯನ್ನೂ ಹೇಳದಿದ್ದರೆ ನಾವು ವಾಚಕರನ್ನು ವಂಚಿಸಿದಂತಾದೀತು. ಕನ್ನಡಿಯೇ ಇಲ್ಲದೆ, ಫಲಕವು ಕಂಡುದನ್ನು ಪುಟ್ಟ ಪರದೆಯ ಮೇಲೆ ತೋರುವ ಮಿರರ್‌ಲೆಸ್ ಕ್ಯಾಮರಾಗಳು ಈಗ ಮುಂದಾಗಿವೆ. ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳು 2018ರಲ್ಲಿ ಪೂರ್ಣ ಚೌಕಟ್ಟಿನ ಅಂತಹ ಕ್ಯಾಮರಾಗಳನ್ನು ಹೊರತಂದ ಮೇಲೆ ತಮ್ಮ ಶ್ರಮವನ್ನೆಲ್ಲ ಆ ಕಡೆಗೇ ತಿರುಗಿಸಿವೆ. 2020ರ ಬಳಿಕ ಈ ಎರಡು ಮನೆಗಳಿಂದಲೂ ಕನ್ನಡಿಯುಳ್ಳ ಹೊಸ ಮಾದರಿ ಬಂದಿಲ್ಲ. ಹಾಗಾದರೆ ಎಸ್‌ಎಲ್‌ಆರ್ ಕೊಳ್ಳುವುದು ಅವಿವೇಕವೆ? ಹೊಸ ಹೊಸ ಮಸೂರಗಳನ್ನು ವರ್ಷವರ್ಷವೂ ಕೊಳ್ಳುವ ಹಂಬಲವಿದ್ದವರು ಹೊಸ ದಾರಿಯನ್ನೇ ಹಿಡಿಯಲಿ. ಮಿತವಾದ ಹಣದಲ್ಲಿ ಒಳ್ಳೆಯ ಚಿತ್ರ ಬೇಕೆನ್ನುವ ಗೃಹಸ್ಥನಿಗಾದರೋ ಇದು ಸುಗ್ಗಿಯ ಕಾಲ. ಅನೇಕರು ಹೊಸದರ ಮೋಹದಿಂದ ಹಳೆಯ ಕ್ಯಾಮರಾಗಳನ್ನೂ ಮಸೂರಗಳನ್ನೂ ಮಾರುತ್ತಿದ್ದಾರೆ. ಮುಂದೆ ಕನ್ನಡಿಯಿಲ್ಲದ ಕ್ಯಾಮರಾಕ್ಕೆ ಹೋದರೂ, ಆಯಾ ಮನೆತನದವರೇ ಮಾಡುವ ಕೂಡುಬಳೆಯ ಮೂಲಕ ಈ ಮಸೂರಗಳಲ್ಲಿ ಬಹುಪಾಲನ್ನು ಅದಕ್ಕೆ ತೊಡಿಸಬಹುದು.

ಹಳೆಯದನ್ನು ಕೊಳ್ಳುವಾಗ ಮಾತ್ರ ಜಾತ್ರೆಯ ರೈತನ ಎಚ್ಚರವಿರಬೇಕು. ಮಸೂರದ ಒಂದು ಬದಿಗೆ ದೀಪವನ್ನು ಹಿಡಿದು ಇನ್ನೊಂದು ಬದಿಯಿಂದ ನೋಡಿರಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು ಕರಾವಳಿಗಳ ತೇವದಲ್ಲಿ ಇದು ಸಾಮಾನ್ಯ. ಗಾಜಿನ ಮೇಲಣ ಲೇಪವನ್ನು ಅದು ತಿಂದುಹಾಕುವುದರಿಂದ ಅಂತಹುದನ್ನು ಅಗ್ಗವೆಂದು ತರಬಾರದು. ದ್ವಾರವನ್ನು 16ರ ಅಂಕಿಗೆ ಕಿರಿದುಗೊಳಿಸಿ ಬಿಳಿಯ ಗೋಡೆಯನ್ನೋ ಆಕಾಶವನ್ನೋ ಚಿತ್ರಿಸಿದರೆ ಫಲಕದ ಮೇಲಿನ ಧೂಳು ಕಪ್ಪು ಕಲೆಗಳಾಗಿ ಕಾಣುತ್ತದೆ. ಧೂಳನ್ನು ತೆಗೆಯಿಸಬಹುದು, ಗೀರನ್ನು ತೆಗೆಯಿಸಲಾಗದು. ಷಟರ್ ಎಷ್ಟು ಸಾರಿ ತೆರೆದಿದೆ ಎಂದು ಕೇಳಿರಿ. ನಿಕಾನಿನಲ್ಲಿ ಈ ಲೆಕ್ಕವು ಚಿತ್ರದ ಕಡತದೊಳಗೇ ಅಡಗಿದ್ದು, ಕಂಪ್ಯೂಟರಿನಲ್ಲಿ ಓದಬಹುದು. ಡಿ7500ರ ಷಟರು 1,50,000 ಸಾರಿಯವರೆಗೂ, 90ಡಿಯದು 1,20,000 ಸಾರಿಯವರೆಗೂ ಪರೀಕ್ಷಿತವಾದುದು. ಅದನ್ನು ಮೀರಿದ ಕೂಡಲೆ ನಿಲ್ಲುವುದೆಂದಲ್ಲ, ಆದರೆ ಬೆಲೆ ಇಳಿಸಬೇಕಾದ ಕಾರಣವದು. ಕೊಂಡ ರಸೀದಿಯನ್ನೂ ಕ್ಯಾಮರಾದ ತಳದಲ್ಲಿರುವ ಸಂಖ್ಯೆಯನ್ನೂ ತಾಳೆ ನೋಡದೆ ಹಣ ಕೊಡಬೇಡಿರಿ. ತಂದ ಮೇಲೆ ಚರ್ಮದ ಚೀಲದಲ್ಲಿ ಮುಚ್ಚಿಡದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟರೆ ಮಳೆಗಾಲದ ಭಯವಿಲ್ಲ.

ಹಣವನ್ನು ಹಂಚುವ ಬಗೆಯನ್ನು ಹೇಳಿ ಮುಗಿಸುತ್ತೇವೆ. ಕೈಯಲ್ಲಿರುವುದನ್ನು ಎರಡು ಪಾಲು ಮಾಡಿ, ಒಂದು ಪಾಲಿಗಿಂತ ಹೆಚ್ಚನ್ನು ಕ್ಯಾಮರಾದ ಪೆಟ್ಟಿಗೆಗೆ ಕೊಡಬಾರದು. ಎರಡನೆಯ ಪಾಲಿನಲ್ಲಿ ಮೊದಲು ಮಸೂರ, ಅನಂತರ ಕಾರ್ಡು, ಇನ್ನೊಂದು ಬ್ಯಾಟರಿ, ಮಿಕ್ಕರೆ ಮುಕ್ಕಾಲಿ. ತೆಗೆದ ಚಿತ್ರಗಳಲ್ಲಿ ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಅಚ್ಚುಮಾಡಿಸಲು ಸ್ವಲ್ಪ ಹಣ ಉಳಿಸಿಕೊಳ್ಳಬೇಕು. ಪರದೆಯ ಮೇಲೆ ಸಾವಿರ ಚಿತ್ರಗಳಿರುವ ಮನೆಗಳಲ್ಲಿ ಗೋಡೆಯ ಮೇಲೆ ಒಂದೂ ಇಲ್ಲದಿರುವುದನ್ನು ನಾವು ನೋಡುತ್ತಿದ್ದೇವೆ.

ಅಜ್ಜಿಯವರು ಹೋದ ಮೂರು ವರ್ಷಗಳ ಮೇಲೆ ನಾವು ಆ ಮೊದಲ ಕ್ಯಾಮರಾವನ್ನು ಮಾರಿ, ಬಂದ ಹಣದಲ್ಲಿ ಅದಕ್ಕಿಂತ ಹಳೆಯದೊಂದನ್ನೂ 35 ಮಿಲಿಮೀಟರಿನ, 1.8ರ ಮಸೂರವೊಂದನ್ನೂ ಕೊಂಡೆವು. ಅದರ ಚುಕ್ಕೆಗಳು ಮೊದಲಿನದರ ಅರ್ಧದಷ್ಟು ಮಾತ್ರ. ಉತ್ಥಾನ ದ್ವಾದಶಿಯ ಸಂಜೆ ಅದೇ ಕಟ್ಟೆಯ ಮುಂದೆ ನಮ್ಮ ತಾಯಿಯವರು ದೀಪ ಹಚ್ಚುತ್ತಿದ್ದ ಚಿತ್ರವು 12ಕ್ಕೆ 8ರ ಅಳತೆಯಲ್ಲಿ ಈಗ ನಡುಮನೆಯ ಗೋಡೆಯ ಮೇಲಿದೆ. ಹಣತೆಯ ಬೆಳಕಿನಲ್ಲಿ ಅವರ ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಪಕ್ಕದಲ್ಲಿ ಅಜ್ಜಿಯವರ ಆ ಮಸಕಾದ ಚಿತ್ರಗಳಲ್ಲೊಂದನ್ನೂ ಕಟ್ಟುಹಾಕಿಸಿ ತೂಗುಹಾಕಿದ್ದೇವೆ. ಅದಕ್ಕಿಂತ ಸ್ಪಷ್ಟವಾದುದು ನಮ್ಮಲ್ಲಿಲ್ಲ. ಯಾವ ಕ್ಯಾಮರಾ ಕೊಳ್ಳಬೇಕೆಂದು ಯಾರಾದರೂ ಕೇಳಲು ಬಂದರೆ, ಯಾರ ಚಿತ್ರವನ್ನು, ಯಾವ ಹೊತ್ತಿನಲ್ಲಿ, ಎಂತಹ ಬೆಳಕಿನಲ್ಲಿ ತೆಗೆಯುವಿರಿ ಎಂದು ಮೊದಲು ಕೇಳುತ್ತೇವೆ. ಅವರು ಉತ್ತರವನ್ನು ಯೋಚಿಸುತ್ತಿರುವಾಗ ಈ ಎರಡು ಚಿತ್ರಗಳನ್ನು ತೋರಿಸುತ್ತೇವೆ.